ತಿರುವಿನಲ್ಲಿ ಒಡೆದ ಕುಂಬಳಕಾಯಿ

ಬಟ್ಟೆ ಒಣಗಲು ಹಾಕುವ ಮೊದಲು ಹಗ್ಗವನ್ನು ಒರೆಸಬೇಕು. ಆ ಮನೆಗೆ ಬಂದ ಮೊದಲ ವಾರದಲ್ಲೇ ನೀರಜಾಕ್ಷಿ ಇದನ್ನು ಕಲಿತಿದ್ದಳು. ಒದ್ದೆ ಅರಿವೆಯನ್ನು ಹಗ್ಗದುದ್ದಕ್ಕೂ ಒಮ್ಮೆ ಎಳೆದರೆ ಅರಿವೆ ಬೆಳ್ಳಗಾಗುತ್ತಿತ್ತು. ಸುಣ್ಣಕಲ್ಲಿನ ಹುಡಿ. ತಾರಸಿಯ ನೀರಿನ ಟ್ಯಾಂಕಿನ ಮೇಲೆ, ಎ.ಸಿ.ಯ ಜಾಲರಿಯಲ್ಲಿ, ಕೆಳಗೆ ಅಂಗಳದ ಖರ್ಜೂರದ ಗರಿಗಳ ಮೇಲೆ, ಎಲ್ಲ ಕಡೆಯೂ ಅದು ಕೂತಿರುತ್ತಿತ್ತು. ಮಕ್ಕಳು ಅದರಲ್ಲಿ ಬೆರಳಾಡಿಸಿ ಹೆಸರು ಬರೆದು ಆಡುತ್ತಿದ್ದರು.

ಹಮದ್ ಟೌನಿನ ಕೊನೆಯ ರೌಂಡಬೌಟು ದಾಟಿ ಒಳಗೆ ಹೋದರೆ ಆ ಹಳ್ಳಿ. ಹಳ್ಳಿಯ ಬೆನ್ನಿಗೆ ಕಲ್ಲಿನ ಕೋರೆ. ನೀರಜಾಕ್ಷಿಯ ಗಂಡ ಜಯಪಾಲ ಆ ಕೋರೆಯ ಸೂಪರ್‌ವೈಸರ್. ಯಾವ ಟಿಪ್ಪರ್ ಯಾವಾಗ ಹೊರಡಬೇಕು, ಜಲ್ಲಿ ಎಲ್ಲಿ ಇಳಿಯಬೇಕು ಎಂದು ನೋಡಿಕೊಳ್ಳುವವನು ಅವನೇ. ಕಾರ್ಕಳದ ಕಡೆಯ ಕ್ರಷರ್ ಒಂದರಲ್ಲಿ ಕೆಲಸ ಕಲಿತು ಬಹರೈನಿಗೆ ಬಂದವನು. ಕಂಪೆನಿಯವರು ಅವನ ಸಂಸಾರಕ್ಕೆ ಹಳ್ಳಿಯಲ್ಲೇ ಒಂದು ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದು ಕೊಟ್ಟಿದ್ದರು. ಕೆಳಗೆ ಮನೆಯ ಒಡತಿ ಉಮ್ಮ್ ಯೂಸುಫ್, ಅವರ ಮಗಳು, ಮೊಮ್ಮಗ ಜಾಸಿಮ್. ಉಮ್ಮ್ ಯೂಸುಫ್ ಎಂದರೆ ಯೂಸುಫನ ತಾಯಿ ಎಂದಷ್ಟೇ ಅರ್ಥ. ಆ ಯೂಸುಫ್ ಹಮದ್ ಟೌನಿನಲ್ಲಿ ಬೇರೆ ಮನೆ ಮಾಡಿದ್ದ. ಅವರ ಸ್ವಂತ ಹೆಸರೇನೆಂದು ನೀರಜಾಕ್ಷಿ ಯಾವತ್ತೂ ಕೇಳಿರಲಿಲ್ಲ. ಕೇಳಬೇಕೆಂದು ತೋರಿರಲೂ ಇಲ್ಲ. ಅವಳಿಗೆ ಅವರು ಕೆಳಗಿನ ಅಮ್ಮ.

ಮಗ ಪ್ರಖ್ಯಾತ್ ಹುಟ್ಟಿದಾಗ ಊರಿನಿಂದ ತಾಯಿ ಬರುವವರಿದ್ದರು. ವೀಸಾ ಆಗಲಿಲ್ಲ. ಆಗ ಉಮ್ಮ್ ಯೂಸುಫ್ ತಮ್ಮ ನೋಯುವ ಮಂಡಿಯನ್ನು ಹಿಡಿದುಕೊಂಡು ದಿನಾ ಮೆಟ್ಟಿಲು ಹತ್ತಿದರು. ಆಳ್ವಿ ಬೀಜಕ್ಕೆ ಮೊಟ್ಟೆ, ಸಕ್ಕರೆ, ತುಪ್ಪ ಹಾಕಿ ಕಾಯಿಸಿದ್ದನ್ನು ಬಟ್ಟಲಲ್ಲಿ ತಂದು, ಅದು ಖಾಲಿಯಾಗುವ ತನಕ ಎದುರಿಗೇ ಕೂತಿರುತ್ತಿದ್ದರು. "ನಿನ್ನ ದೇಶದಲ್ಲಿ ಇದು ಉಂಟಾ?" ಎಂದು ಕೇಳಿದ್ದಕ್ಕೆ ನೀರಜಾಕ್ಷಿ ತನಗೆ ಬರುವ ಅಡಿಗೆಮನೆಯ ಅರಬಿಯಲ್ಲಿ, "ಬೀಜ ಉಂಟು, ಮೊಟ್ಟೆ ಇಲ್ಲ" ಎಂದಿದ್ದಳು. "ಮೊಟ್ಟೆ ಇಲ್ಲದ್ದಕ್ಕೇ ನೀನು ಇಷ್ಟು ತೆಳ್ಳಗೆ" ಎಂದು ನಕ್ಕಿದ್ದರು ಅವರು.

ಹಳ್ಳಿಯ ದಾರಿ ತೋಟದ ಗೋಡೆಗಳ ನಡುವಿನ ಓಣಿ. ಒಂದು ಕಾರು ಬಂದರೆ ಸೈಕಲ್ಲಿನವರು ಗೋಡೆಗೆ ಒರಗಿ ನಿಲ್ಲಬೇಕು. ಉಮ್ಮ್ ಯೂಸುಫರ ಗೇಟಿನ ಎದುರಿಗೇ ಓಣಿ ತಿರುಗುತ್ತದೆ. ಕಲ್ಲು ಹೇರಿದ ಟಿಪ್ಪರುಗಳೆಲ್ಲ ಆ ತಿರುವಿನಲ್ಲಿ ಗೇರ್ ಇಳಿಸಿ, ಏದುಸಿರು ಬಿಟ್ಟು, ಗೋಡೆಗೆ ತಾಗಿತೋ ಇಲ್ಲವೋ ಎಂಬಂತೆ ಹೋಗುತ್ತಿದ್ದವು. ಹಳ್ಳಿಯವರು ಗೊಣಗಿಕೊಂಡೇ ಸಹಿಸಿದ್ದರು. ಈಗ ಕಂಪೆನಿ ಕೋರೆಯನ್ನು ಹಳ್ಳಿಯ ಕಡೆಗೇ ಅಗಲ ಮಾಡಲು ಅನುಮತಿ ಕೇಳಿತ್ತು. ಅಂದರೆ ಟಿಪ್ಪರುಗಳು ಇನ್ನೂ ಹೆಚ್ಚುತ್ತವೆ. ಗಂಡಸರು ಬಲದಿಯಾ, ಅಂದರೆ ಪುರಸಭೆಯ ಕಚೇರಿಗೆ ಹೋಗಿ ತಕರಾರು ಹೇಳಿ ಬಂದರು. ನೋಡುತ್ತೇವೆ ಎಂಬ ಉತ್ತರ ಸಿಕ್ಕಿತ್ತು.

ಬೇಸಿಗೆ ರಜೆಯಲ್ಲಿ ಒಂದು ದಿನ ಜಾಸಿಮನ ಸೈಕಲ್ಲು ಆ ತಿರುವಿನಲ್ಲಿ ಟಿಪ್ಪರಿನ ಮುಂದಿನ ಚಕ್ರಕ್ಕೆ ಸಿಕ್ಕಿತು. ಹುಡುಗ ಹಾರಿ ಬಚಾವಾದ. ಸೈಕಲ್ಲು ಚಪಾತಿಯಾಯಿತು. ಟಿಪ್ಪರ್ ಓಡಿಸುತ್ತಿದ್ದ ಮೂಡಬಿದ್ರೆಯ ಸಂದೇಶ್ ಕೆಳಗಿಳಿದವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಉಮ್ಮ್ ಯೂಸುಫರೇ ಅವನಿಗೂ ನೀರು ಕೊಟ್ಟರು.

ಮರುದಿನದಿಂದ ಹಳ್ಳಿಯ ಹೆಂಗಸರು ಬಿಳಿ ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ತಿರುವಿನಲ್ಲಿ ಅಡ್ಡ ಇಟ್ಟರು. ಬಿಸಿಲು ಇಳಿದು ಮಕ್ಕಳು ಆಡಲು ಹೊರಗೆ ಬರುವ ಹೊತ್ತಿಗೆ ಬಂದು ಕೂತರೆ ಸಂಜೆಯ ಬಾಂಗ್ ಆಗುವ ತನಕ ಏಳುತ್ತಿರಲಿಲ್ಲ. ಬೀಜ ಸುಲಿಯುತ್ತಾ, ಹರಟೆ ಹೊಡೆಯುತ್ತಾ, ಸಾಲಾಗಿ ನಿಂತ ಟಿಪ್ಪರುಗಳನ್ನು ನೋಡುತ್ತಾ ಕೂತಿರುತ್ತಿದ್ದರು. ಕಪ್ಪು ಅಬಾಯಾ ತೊಟ್ಟವರ ಆ ಸಾಲನ್ನು ಹಾರ್ನ್ ಹಾಕಿ ಎಬ್ಬಿಸುವ ಧೈರ್ಯ ಯಾವ ಡ್ರೈವರನಿಗೂ ಇರಲಿಲ್ಲ.

ಮೇಲಿನಿಂದ ಅದನ್ನು ನೋಡುತ್ತಿದ್ದ ನೀರಜಾಕ್ಷಿಗೆ ಕೈಕಟ್ಟಿ ನಿಲ್ಲಲಾಗಲಿಲ್ಲ. ಫ್ಲಾಸ್ಕಿನಲ್ಲಿ ಏಲಕ್ಕಿ ಚಹಾ ತುಂಬಿಸಿ ಕೆಳಗೆ ಹೋದಳು. ಒಂದು ದಿನ ಹೋದದ್ದು ದಿನಾ ಹೋಗುವಂತಾಯಿತು.

"ನನ್ನ ಟಿಪ್ಪರ್ ನಿಲ್ಲಿಸ್ಲಿಕ್ಕೆ ಕೂತವರಿಗೆ ನನ್ನ ಮನೆಯಿಂದ್ಲೇ ಚಾ ಹೋಗ್ತದೆ," ಎಂದ ಜಯಪಾಲ ಶೂ ಬಿಚ್ಚುತ್ತಾ. "ಶಾಭಾಸ್. ಬನ್ಸ್ ಸಹ ಕೊಡು ಮಾರಾಯ್ತಿ, ಇನ್ನೂ ಗಟ್ಟಿ ಕೂತ್ಕೊಳ್ತಾರೆ."

"ಬನ್ಸ್ ನಿನ್ನೆಯೇ ಕೊಟ್ಟಾಯ್ತು. ನಿಮಗೆ ಉಳಿದಿಲ್ಲ."

"ಮ್ಯಾನೇಜರ್ ನನ್ನತ್ರ ಕೇಳ್ತಾನೆ, ಹಳ್ಳಿಯಲ್ಲಿ ಇರುವವ ನೀನು, ಒಂದು ನಾಲ್ಕು ಹೆಂಗಸರನ್ನು ಎಬ್ಬಿಸ್ಲಿಕ್ಕೆ ಆಗುದಿಲ್ವಾ ಅಂತ. ನಾನು ಎಂತ ಹೇಳ್ಬೇಕು? ಐದನೆಯವಳು ನನ್ನ ಹೆಂಡತಿ ಅಂತ ಹೇಳ್ಲಾ?"

ಕೆಳಗೆ ಹೆಂಗಸರು ಅವನಿಗೂ ಒಂದು ಹೆಸರು ಇಟ್ಟಿದ್ದರು: ಅಬೂ ಹಜರ್, ಕಲ್ಲಿನಪ್ಪ. "ನಿನ್ನ ಅಬೂ ಹಜರ್ ನಮ್ಮ ಹಳ್ಳಿಯನ್ನು ಸ್ವಲ್ಪ ಸ್ವಲ್ಪವೇ ಲಾರಿಗೆ ಹೇರಿ ಮಾರುತ್ತಿದ್ದಾನೆ," ಎಂದು ಉಮ್ಮ್ ಯೂಸುಫ್ ಚಹಾದ ಲೋಟ ಹಿಡಿದುಕೊಂಡು ಹೇಳುತ್ತಿದ್ದರು. "ನೀನೂ ಜೋಪಾನ ಯಾ ಬಿನ್ತಿ. ಬಾಗಿಲಲ್ಲಿ ಸುಮ್ಮನೆ ನಿಂತರೆ ನಿನ್ನನ್ನೂ ಹೇರಿಯಾನು." ಬಿನ್ತಿ ಎಂದರೆ ನನ್ನ ಮಗಳು. ಬೇರೆ ಹೆಂಗಸರು ನಗುತ್ತಿದ್ದರು. ನೀರಜಾಕ್ಷಿಯೂ ನಗುತ್ತಿದ್ದಳು. ಮೇಲೆ ಬಂದಾಗ ಗಂಡನ ಮುಖ ನೋಡಿದರೆ ಆ ನಗು ಕರಗುತ್ತಿತ್ತು. ಅವನು ಕೆಟ್ಟವನಲ್ಲ. ಜಾಸಿಮನ ಸೈಕಲ್ಲು ಹೋದ ದಿನ ಅವನಿಗೆ ಊಟ ಸೇರಿರಲಿಲ್ಲ.

ಇಬ್ಬರನ್ನೂ ಒಂದು ಕಡೆ ಕೂರಿಸಬೇಕು ಎಂದು ಅವಳಿಗೆ ಹೊಳೆದದ್ದು ದೋಸೆ ಹುಯ್ಯುತ್ತಿರುವಾಗ. ಕೂರಿಸಿದಳು. ಒಂದು ಶುಕ್ರವಾರ ಸಂಜೆ ಉಮ್ಮ್ ಯೂಸುಫ್ ಇನ್ನಿಬ್ಬರು ಹೆಂಗಸರೊಂದಿಗೆ ಮೆಟ್ಟಿಲು ಹತ್ತಿ ಬಂದರು. ಉಪ್ಪಿನಂಗಡಿಯ ಬ್ಯಾರಿ ಅಫ್ಸಲ್, ಅವನೂ ಟಿಪ್ಪರ್ ಡ್ರೈವರ್, ಅರಬಿಯನ್ನು ಅರಬರಂತೆಯೇ ಮಾತಾಡುವವನು, ಮಾತು ಮುಟ್ಟಿಸಲು ಬಂದು ಕೂತ. ಅವರ ಮನೆಯ ಸೋಫಾದ ಮೇಲೆ ಅಷ್ಟು ಜನ ಕೂತದ್ದು ಅದೇ ಮೊದಲು. ಮಗಳು ಪೂಜಿತಾ ನೀರ್ ದೋಸೆಯನ್ನು ಕರವಸ್ತ್ರದಂತೆ ಮಡಚಿ ಎಲ್ಲರ ತಟ್ಟೆಗೂ ಹಾಕಿದಳು.

"ಕೋರೆಯ ಹಿಂದೆ ಪೈಪ್‌ಲೈನ್ ಪಕ್ಕದಲ್ಲಿ ಒಂದು ಮಣ್ಣಿನ ದಾರಿ ಉಂಟು," ಎಂದ ಜಯಪಾಲ. "ಸೀದಾ ಹೈವೇಗೆ ಹೋಗ್ತದೆ. ಸುತ್ತು ಆಗ್ತದೆ, ಡೀಸೆಲ್ ಜಾಸ್ತಿ. ಮ್ಯಾನೇಜರ್ ಒಪ್ಪುದಿಲ್ಲ ಅಂತ ನಾನು ಕೇಳಿರ್ಲೇ ಇಲ್ಲ."

ಅಫ್ಸಲ್ ಅದನ್ನು ಅರಬಿಯಲ್ಲಿ ಹೇಳಿದ. ಉಮ್ಮ್ ಯೂಸುಫ್ ದೋಸೆಯನ್ನು ಬಿಡಿಸಿ ನೋಡುತ್ತಾ ಕೇಳಿಸಿಕೊಂಡರು.

"ನಮಗೆ ಕೋರೆಯೇ ಬೇಡ," ಎಂದರು ಕೊನೆಗೆ. "ಆದರೆ ಕೋರೆ ಬೇಡ ಅನ್ನುವುದಕ್ಕೆ ನಾವು ದೊಡ್ಡವರಲ್ಲ. ಲಾರಿ ನಮ್ಮ ಬಾಗಿಲಿಗೆ ಬರುವುದು ಬೇಡ. ಅಷ್ಟು ಆದರೆ ಕುರ್ಚಿ ಒಳಗೆ ಇಡುತ್ತೇವೆ."

ಜಯಪಾಲ ಮ್ಯಾನೇಜರನ ಹಿಂದೆ ಬಿದ್ದ. ಅವನೂ ಕೊನೆಗೆ ಅರೆಮನಸ್ಸಿನಿಂದ ಒಪ್ಪಿದ. ಬರುವ ತಿಂಗಳ ಮೊದಲ ಭಾನುವಾರ ಬಲದಿಯಾದ ಅಧಿಕಾರಿ ಹಳ್ಳಿಗೆ ಬರುವುದಿತ್ತು. ಅವರ ಎದುರು ಹಳ್ಳಿಯವರೂ ಕಂಪೆನಿಯವರೂ ಕೋರೆಯ ಹಿಂದಿನ ಮಣ್ಣಿನ ದಾರಿಗೆ ಒಪ್ಪಿಗೆ ಎಂದು ಹೇಳಿದರೆ, ಅಂದಿನಿಂದಲೇ ಟಿಪ್ಪರುಗಳು ಆ ದಾರಿ ಹಿಡಿಯುವುದು ಎಂದಾಯಿತು. ಹೆಂಗಸರು ಕುರ್ಚಿಗಳನ್ನು ಉಮ್ಮ್ ಯೂಸುಫರ ಅಂಗಳಕ್ಕೆ ತಂದು ಒಂದರ ಮೇಲೊಂದು ಪೇರಿಸಿಟ್ಟರು. ಜಯಪಾಲ ಕೆಳಗೆ ಹಾದು ಹೋಗುವಾಗ ಉಮ್ಮ್ ಯೂಸುಫ್ "ಅಬೂ ಹಜರ್!" ಎಂದು ಕರೆದು ಅವನ ಕೈಗೆ ಹಸಿ ಖರ್ಜೂರದ ಗೊಂಚಲನ್ನೇ ಇಟ್ಟರು.

ಆ ಭಾನುವಾರಕ್ಕೆ ಮೊದಲು ಬಂದದ್ದು ಆಯುಧ ಪೂಜೆ.

ಕೋರೆಯಲ್ಲಿ ತುಳುನಾಡಿನ ಡ್ರೈವರುಗಳೇ ಹೆಚ್ಚು. ಪ್ರತಿವರ್ಷ ಅವರು ಟಿಪ್ಪರುಗಳನ್ನು ತೊಳೆದು, ಮನಾಮದಿಂದ ಚೆಂಡು ಹೂ ತಂದು ಮಾಲೆ ಹಾಕಿ, ಕೋರೆಯ ಗೇಟಿನ ಒಳಗೆ ಪೂಜೆ ಮಾಡುತ್ತಿದ್ದರು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುತ್ತಿದ್ದರು. ಕೊನೆಗೆ ಬೂದುಕುಂಬಳಕಾಯಿಯ ತಲೆ ಕೊರೆದು, ಒಳಗೆ ಕುಂಕುಮ ತುಂಬಿಸಿ, ಗಾಡಿಗಳಿಗೆ ನಿವಾಳಿಸಿ ಒಡೆಯುತ್ತಿದ್ದರು. ಕುಂಬಳಕಾಯಿ, ಕುಂಕುಮ, ನೈವೇದ್ಯ ನೀರಜಾಕ್ಷಿಯ ಜವಾಬ್ದಾರಿ.

ಈ ವರ್ಷ ಅವಳು ಎಂದೂ ಇಲ್ಲದ ಒಂದು ಮಾತು ಹೇಳಿದಳು. "ಕುಂಬಳಕಾಯಿ ಗೇಟಿನ ಒಳಗೆ ಬೇಡ. ನಮ್ಮ ತಿರುವಿನಲ್ಲಿ ಒಡೀರಿ."

"ಯಾಕೆ? ಯಾವಾಗ್ಲೂ ಅಲ್ಲೇ ಅಲ್ವಾ ಒಡೆಯುದು?"

"ಗೇಟಿನ ಒಳಗೆ ಎಂತ ಆಗಿದೆ? ಆದದ್ದು ತಿರುವಿನಲ್ಲಿ. ಆ ಹುಡುಗ ಸ್ವಲ್ಪದರಲ್ಲಿ ಉಳಿದದ್ದು. ನಮ್ಮ ಮಕ್ಕಳೂ ಅಲ್ಲೇ ಬಸ್ಸಿಗೆ ಹೋಗುದು. ಆ ಜಾಗಕ್ಕೆ ದೃಷ್ಟಿ ತೆಗೆದ ಹಾಗೆ ಆಗ್ಲಿ."

ಜಯಪಾಲ ತಲೆ ತುರಿಸಿಕೊಂಡ. "ಜನ ಓಡಾಡುವ ದಾರಿ ಅದು, ನೀರಜಾ."

"ಬೆಳಿಗ್ಗೆ ಬೇಗ ಮಾಡಿ. ಯಾರಿಗೂ ಉಪದ್ರ ಬೇಡ. ಹಾರ್ನ್ ಹಾಕ್ಬೇಡಿ, ಲೈಟ್ ಹಾಕ್ಬೇಡಿ, ಪಾಪ ಮಲಗಿರ್ತಾರೆ. ಮತ್ತೆ ನಾನು ಗುಡಿಸಿ ಬಿಡ್ತೇನೆ."

ಅವಳು ಯಾವುದಕ್ಕೂ ಹಟ ಹಿಡಿಯುವವಳಲ್ಲ. ಅದಕ್ಕೇ ಇರಬೇಕು, ಅವನು ಮತ್ತೆ ವಾದಿಸಲಿಲ್ಲ.

ಹಾಗೆ ಆಯುಧ ಪೂಜೆಯ ಬೆಳಿಗ್ಗೆ, ಮೊದಲ ಬಾಂಗ್ ಮುಗಿದು, ನಮಾಜಿಗೆ ಹೋದವರು ಮನೆಗೆ ಮರಳಿ, ಹಳ್ಳಿ ಇನ್ನೊಮ್ಮೆ ಕಣ್ಣು ಮುಚ್ಚಿದ ಹೊತ್ತಿನಲ್ಲಿ, ಟಿಪ್ಪರುಗಳು ದೀಪವಿಲ್ಲದೆ ಮೆಲ್ಲಗೆ ಬಂದು ಓಣಿಯಲ್ಲಿ ನಿಂತವು. ಅಫ್ಸಲ್ ಅಂದು ಸಿತ್ರಾದ ಸೈಟಿನಲ್ಲಿದ್ದ. ಪೂಜಿತಾ ನಿದ್ದೆಗಣ್ಣಿನಲ್ಲೇ ಬಂದು ಮುಂದಿನ ಟಿಪ್ಪರಿಗೆ ಹೂ ಸಿಕ್ಕಿಸಿದಳು. ಸಂದೇಶ್ ಕುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿ, ಗಾಡಿಗಳಿಗೆ ಸುತ್ತು ಬಂದ.

"ಊರಿನ ಕಣ್ಣು, ನೆರೆಯ ಕಣ್ಣು, ಬಿದ್ದ ಕಣ್ಣೆಲ್ಲ ಹೋಗ್ಲಿ," ಎಂದು ಹೇಳುತ್ತಿದ್ದವನು ತಿರುವಿಗೆ ಬಂದಾಗ ಸ್ವರ ತಗ್ಗಿಸಿ, "ಕುರ್ಚಿ ಹಾಕಿ ಕೂತವರ ಕಣ್ಣು ಸಹ ಹೋಗ್ಲಿ," ಎಂದು ಸೇರಿಸಿದ.

ಎಲ್ಲರೂ ಬಾಯಿ ಮುಚ್ಚಿಕೊಂಡು ನಕ್ಕರು. ಜಯಪಾಲ "ಏ, ಸುಮ್ನಿರಾ" ಎಂದ, ಅವನಿಗೂ ನಗು ತಡೆಯಲಿಲ್ಲ. ನೀರಜಾಕ್ಷಿಯೂ ಸೆರಗು ಬಾಯಿಗೆ ಹಿಡಿದಳು. ಮರುಕ್ಷಣ ಕಣ್ಣು ಮುಚ್ಚಿ, ಜಾಸಿಮ್, ಪೂಜಿತಾ, ಪ್ರಖ್ಯಾತ್ ಎಂದು ಒಬ್ಬೊಬ್ಬರನ್ನೇ ನೆನೆದು, ಈ ದಾರಿಯಲ್ಲಿ ಯಾವ ಮಗುವಿಗೂ ಏನೂ ಆಗದಿರಲಿ ಎಂದು ಬೇಡಿಕೊಂಡಳು. ಸಂದೇಶ್ ಕುಂಬಳಕಾಯಿಯನ್ನು ಎತ್ತಿ ಅಪ್ಪಳಿಸಿದ. ಕೆಂಪು ನೀರು ಗೇಟಿನ ಕಂಬದ ತನಕ ಚಿಮ್ಮಿತು. ಟಿಪ್ಪರುಗಳು ನಿಂಬೆಹಣ್ಣುಗಳನ್ನು ಅರೆದು ಹೋದವು.

ಆಮೇಲೆ ಅವಳು ಮೇಲೆ ಓಡಿದಳು. ಪ್ರಖ್ಯಾತ್ ಎದ್ದು ಅಳುತ್ತಿದ್ದ. ಪೂಜಿತಾಳ ಜಡೆ ಆಗಿರಲಿಲ್ಲ, ಟಿಫಿನ್ನಿಗೆ ಅವಲಕ್ಕಿ ಕಲಸಬೇಕಿತ್ತು, ಯೂನಿಫಾರ್ಮಿನ ಒಂದು ಗುಂಡಿ ಕೈಗೇ ಬಂತು. ಬಸ್ಸಿಗೆ ಬಿಡಲು ಮಕ್ಕಳನ್ನು ಎಳೆದುಕೊಂಡು ಓಡುವಾಗ ತಿರುವಿನಲ್ಲಿ ಕೆಂಪು ಹಾಗೇ ಇತ್ತು. ಬಂದು ಗುಡಿಸುತ್ತೇನೆ ಎಂದುಕೊಂಡಳು. ಬರುವಾಗ ನೈವೇದ್ಯದ ನೆನಪಾಯಿತು. ಬಿಸಿ ಆರುವ ಮೊದಲು ಕೆಳಗೆ ಕೊಟ್ಟು ಬಿಡೋಣ, ಗುಡಿಸುವುದು ಆಮೇಲೆ ಎಂದು, ಸಜ್ಜಿಗೆಯನ್ನು ಬಟ್ಟಲಿಗೆ ಹಾಕಿಕೊಂಡು ಇಳಿದಳು.

ಗೇಟಿನಲ್ಲಿ ಹೆಂಗಸರು ಗುಂಪಾಗಿದ್ದರು. ಯಾರದೋ ಮೊಬೈಲಿನಲ್ಲಿ ಕುರಾನ್ ಓದುವ ಸ್ವರ ಜೋರಾಗಿ ಕೇಳುತ್ತಿತ್ತು. ಉಮ್ಮ್ ಯೂಸುಫರ ಮಗಳು ಜಾಸಿಮನನ್ನು ಎತ್ತಿಕೊಂಡು ಒಳಗೆ ನಿಂತಿದ್ದಳು. ಅಷ್ಟು ದೊಡ್ಡ ಹುಡುಗನನ್ನು, ಅವನ ಕಾಲು ನೆಲಕ್ಕೆ ತಾಗದ ಹಾಗೆ. ಉಮ್ಮ್ ಯೂಸುಫ್ ಬಕೆಟ್ಟಿನಿಂದ ಉಪ್ಪು ನೀರು ಎರಚುತ್ತಿದ್ದರು. ಕಂಬದ ಕೆಂಪು ಕರಗಿ ಇನ್ನಷ್ಟು ಹರಡುತ್ತಿತ್ತು.

"ಯಾರು ಮಾಡಿದ್ದು ಇದು?" ಎಂದು ಒಬ್ಬಾಕೆ ಎಲ್ಲರನ್ನೂ ಕೇಳುತ್ತಿದ್ದಳು. "ಬೆಳಕು ಹರಿಯುವ ಮೊದಲೇ, ಕಳ್ಳರ ಹಾಗೆ ಬಂದು!"

ಅವರು ಅದನ್ನು ಏನೆಂದು ಗ್ರಹಿಸಿದ್ದಾರೆಂದು ನೀರಜಾಕ್ಷಿಗೆ ಇನ್ನೂ ತಿಳಿದಿರಲಿಲ್ಲ. ಅವರಿಗೆ ಕಾರಣ ಗೊತ್ತಾದರೆ ಸಮಾಧಾನವಾದೀತು ಎಂದಷ್ಟೇ ಅವಳಿಗೆ ತೋರಿತು. ಬಟ್ಟಲನ್ನು ಮುಂದೆ ಹಿಡಿದುಕೊಂಡೇ ಅರಬಿಯಲ್ಲಿ, "ನಾವು, ನಾವು ಮಾಡಿದ್ದು. ನಿಮಗೋಸ್ಕರ," ಎಂದಳು.

ಉಮ್ಮ್ ಯೂಸುಫ್ ಬಕೆಟ್ಟನ್ನು ಕೆಳಗಿಟ್ಟರು. ಅವಳ ಮುಖವನ್ನೂ, ಬಟ್ಟಲಲ್ಲಿ ತುಪ್ಪ ಸೂಸುತ್ತಿದ್ದ ಸಜ್ಜಿಗೆಯನ್ನೂ ನೋಡಿದರು. ಒಂದು ಹೆಜ್ಜೆ ಮುಂದೆ ಬಂದಂತೆಯೂ ಆಯಿತು. ಅಷ್ಟರಲ್ಲಿ ಹಿಂದಿನಿಂದ ಯಾರೋ "ಸಿಹ್ರ್" ಎಂದರು. ಮಾಟ. ಆ ಮಾತು ಒಬ್ಬರಿಂದೊಬ್ಬರಿಗೆ ಹೋಯಿತು. ಉಮ್ಮ್ ಯೂಸುಫ್ ಒಳಗೆ ಹೋಗಿ ಗೇಟು ಹಾಕಿಕೊಂಡರು.

ನೀರಜಾಕ್ಷಿ ಪೊರಕೆ ತಂದು ಆ ಜಾಗವನ್ನು ಗುಡಿಸಿದಳು, ತೊಳೆದಳು, ಮತ್ತೆ ತೊಳೆದಳು. ನಿಂಬೆಹಣ್ಣಿನ ಸಿಪ್ಪೆಗಳು ಡಾಂಬರಿಗೆ ಅಂಟಿಕೊಂಡಿದ್ದವು. ಅವನ್ನು ಉಗುರಿನಿಂದ ಎಬ್ಬಿಸಬೇಕಾಯಿತು.

ಸಂಜೆ ಅಫ್ಸಲ್ ಸಿತ್ರಾದಿಂದ ಬಂದ. ಸಂದೇಶನ ಮಾತಿನ ತನಕ ಎಲ್ಲವನ್ನೂ ಕೇಳಿ ತಲೆಗೆ ಕೈ ಹಚ್ಚಿದ.

"ನಾನಿದ್ರೆ ಬೇಡ ಅಂತ ಹೇಳ್ತಿದ್ದೆ ಅಕ್ಕ. ನಮ್ಮ ಊರಿನ ಬ್ಯಾರಿಗಳಿಗೆ ಇದೆಲ್ಲ ನೋಡಿ ನೋಡಿ ಗೊತ್ತುಂಟು. ಊರಲ್ಲಿ ನಮ್ಮ ಉಮ್ಮನೇ ನೆರೆಮನೆಯ ಪೂಜೆಗೆ ಕುಂಬಳಕಾಯಿ ಕೊಡ್ತಿದ್ರು. ಇವರು ಎಲ್ಲಿ ನೋಡಿದ್ದಾರೆ? ರಕ್ತ ಅಂತ ಗ್ರಹಿಸಿರ್ತಾರೆ."

"ನೀನು ಬಾ ಅಫ್ಸಲ್. ಸರಿಯಾಗಿ ಹೇಳು ಅವರಿಗೆ."

ಉಮ್ಮ್ ಯೂಸುಫ್ ಗೇಟು ತೆರೆದರು, ಒಳಗೆ ಕರೆಯಲಿಲ್ಲ. ಅಫ್ಸಲ್ ನಿಧಾನವಾಗಿ, ಮರ್ಯಾದೆಯಿಂದ ಬಿಡಿಸಿ ಹೇಳಿದ. ಇದು ಮಾಟವಲ್ಲ ಅಮ್ಮ, ಅದು ತರಕಾರಿ, ಕೆಂಪು ಬಣ್ಣ ಅವರು ಹಣೆಗೆ ಇಡುವಂಥದ್ದು. ವರ್ಷಕ್ಕೊಮ್ಮೆ ಗಾಡಿಗಳಿಗೆ ಮಾಡುತ್ತಾರೆ. ಕೆಟ್ಟ ಕಣ್ಣು ತಾಗದಿರಲಿ ಎಂದು.

ಉಮ್ಮ್ ಯೂಸುಫರ ಮುಖ ಸಡಿಲವಾಯಿತು. "ಕಣ್ಣು," ಎಂದರು. "ಕಣ್ಣು ಅಂದರೆ ನನಗೆ ಗೊತ್ತು. ಜಾಸಿಮ್ ಹುಟ್ಟಿದಾಗ ನಾನೂ ನೀಲಿ ಮಣಿ ಕಟ್ಟಿದ್ದೇನೆ." ನೀರಜಾಕ್ಷಿ ಉಸಿರು ಬಿಟ್ಟಳು. ಆದರೆ ಮುದುಕಿ ಇನ್ನೂ ಯೋಚಿಸುತ್ತಿದ್ದರು.

"ಲಾರಿಗಳಿಗೆ ಕಣ್ಣು ತಾಗಬಾರದು ಅಂತ ಮಾಡಿದ್ದು. ಅಲ್ಲವಾ?"

"ಹೌದು."

"ಯಾರ ಕಣ್ಣು?"

ಅಫ್ಸಲ್ ನೀರಜಾಕ್ಷಿಯ ಕಡೆ ನೋಡಿದ.

"ಲಾರಿಗಳನ್ನು ದಿನಾ ನೋಡುತ್ತಾ ಕೂತವರು ಯಾರು? ನನ್ನ ಗೇಟಿನ ಎದುರು ಯಾಕೆ ಒಡೆದರು? ನಮ್ಮ ಕಣ್ಣು ಕೆಟ್ಟ ಕಣ್ಣು ಅಂತ ತಾನೇ?" ಅವರು ಅಫ್ಸಲನನ್ನು ಬಿಟ್ಟು ನೀರಜಾಕ್ಷಿಯ ಕಡೆ ತಿರುಗಿದರು. "ನೀನು ಹೇಳು ಬಿನ್ತಿ. ಹಾಗೆ ಯಾರೂ ಅನ್ನಲಿಲ್ಲ ಅಂತ ನೀನು ಹೇಳಿದರೆ ನಾನು ನಂಬುತ್ತೇನೆ."

ಸಂದೇಶನ ಮಾತು ಅವಳ ಕಿವಿಯಲ್ಲಿತ್ತು. ತಾನು ಸೆರಗು ಬಾಯಿಗೆ ಹಿಡಿದದ್ದೂ ನೆನಪಿತ್ತು. ಇಲ್ಲ ಎಂದರೆ ಮುಗಿಯುತ್ತಿತ್ತು. ಆ ಒಂದು ಮಾತಿಗೆ ಬೇಕಾದಷ್ಟು ಅರಬಿ ಅವಳಿಗೆ ಬರುತ್ತಿತ್ತು. ಆದರೆ ಆಳ್ವಿ ಬೀಜದ ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಬಂದವರ ಕಣ್ಣನ್ನು ನೋಡುತ್ತಾ ಸುಳ್ಳು ಹೇಳಲು ಅವಳಿಂದಾಗಲಿಲ್ಲ. "ನಾನು ಮಕ್ಕಳಿಗೋಸ್ಕರ..." ಎಂದಳು.

"ಒಬ್ಬ ತಮಾಷೆಗೆ ಅಂದದ್ದು ಅಮ್ಮ," ಎಂದ ಅಫ್ಸಲ್ ತಡವಾಗಿ. ಅಷ್ಟರಲ್ಲಿ ಅವರು ತಲೆಯಾಡಿಸಿ ಗೇಟನ್ನು ಎಳೆದುಕೊಂಡಿದ್ದರು.

ಭಾನುವಾರ ಅಧಿಕಾರಿ ಬಂದರು. ಕಂಪೆನಿಯ ಮ್ಯಾನೇಜರ್ ಬಂದ, ಹಳ್ಳಿಯ ಗಂಡಸರು, ಹೆಂಗಸರು ಬಂದರು. ಉಮ್ಮ್ ಯೂಸುಫ್ ಮಾತ್ರ ಹೊರಗೆ ಬರಲಿಲ್ಲ. ಅವರಿಲ್ಲದೆ ಹೆಂಗಸರ ಕಡೆಯಿಂದ ಹಿಂದಿನ ದಾರಿಯ ಮಾತನ್ನು ಎತ್ತುವವರೇ ಇರಲಿಲ್ಲ. ಜಯಪಾಲ ಎತ್ತಿದ. "ನೀನು ಮಾತಾಡಬೇಡ," ಎಂದು ಒಬ್ಬಾಕೆ ಕೂಗಿದಳು. "ನಮ್ಮ ಬಾಗಿಲಿಗೆ ಮಾಟ ಮಾಡಿದವರ ಜೊತೆ ನಮ್ಮದು ಯಾವ ಒಪ್ಪಂದವೂ ಇಲ್ಲ!" ಮಾಟದ ಸುದ್ದಿ ಕೇಳಿ ಗಂಡಸರ ದನಿ ಏರಿತು. ಎರಡೂ ಕಡೆಯವರು ಒಂದು ಮಾತಿಗೆ ಬಂದಿಲ್ಲ, ಬಂದ ಮೇಲೆ ನೋಡೋಣ ಎಂದು ಅಧಿಕಾರಿ ಎದ್ದರು. ಅಲ್ಲಿಯ ತನಕ ಗಾಡಿಗಳು ಈಗ ಹೋಗುವ ದಾರಿಯಲ್ಲೇ ಹೋಗಲಿ ಎಂದಾಯಿತು.

"ನಿನ್ನ ಹಳ್ಳಿಯವರಿಗೇ ಬೇಡವಂತೆ," ಎಂದ ಮ್ಯಾನೇಜರ್ ಕಾರು ಹತ್ತುವಾಗ ಜಯಪಾಲನಿಗೆ. "ಖಲಾಸ್. ನನಗೆ ಡೀಸೆಲ್ ಉಳಿಯಿತು."

ಮನೆಗೆ ಬಂದ ಜಯಪಾಲ ಕೈಕಾಲು ತೊಳೆದು ಊಟಕ್ಕೆ ಕೂತ. ನೀರಜಾಕ್ಷಿ ಬಡಿಸಿದಳು. ಅವನು ಅನ್ನ ಕಲಸುತ್ತಾ, ಅವಳ ಮುಖ ನೋಡದೆ, "ಆ ಕುಂಬಳಕಾಯಿಯಲ್ಲಿ ಮಜ್ಜಿಗೆಹುಳಿ ಮಾಡಿದ್ರೆ ಒಳ್ಳೇದಾಗ್ತಿತ್ತು," ಎಂದ.

ಅವಳು ನಗಲು ನೋಡಿದಳು. ಆಗಲಿಲ್ಲ. ಅವನೂ ನಗಲಿಲ್ಲ. ಎಡಗೈಯಿಂದ ಅವಳ ತಲೆಯನ್ನೊಮ್ಮೆ ಮುಟ್ಟಿ ಊಟ ಮುಂದುವರಿಸಿದ.

ಹೆಂಗಸರು ಮತ್ತೆ ಕುರ್ಚಿ ಹಾಕಿದರು. ಆದರೆ ಅದು ಮೊದಲಿನ ಹಾಗೆ ಇರಲಿಲ್ಲ. ಕೆಂಪು ಬಿದ್ದ ಜಾಗದಲ್ಲಿ ಕೂರಲು ಒಬ್ಬೊಬ್ಬರೇ ಹಿಂಜರಿದರು. ಮಕ್ಕಳನ್ನು ಆ ಕಡೆ ಬಿಡಲಿಲ್ಲ. ಮಕ್ಕಳೇ ಇಲ್ಲದ ಓಣಿಯಲ್ಲಿ ಟಿಪ್ಪರುಗಳನ್ನು ತಡೆದು ಕೂರುವುದಕ್ಕೂ ಅರ್ಥವಿರಲಿಲ್ಲ. ಚಳಿ ಶುರುವಾಗುವ ಹೊತ್ತಿಗೆ ಕುರ್ಚಿಗಳು ಒಂದೊಂದಾಗಿ ಮನೆ ಸೇರಿದವು. ಕಂಪೆನಿಗೆ ಅನುಮತಿ ಸಿಕ್ಕಿತು. ಹೊಸ ಗುಂಡಿಯ ಕೆಲಸ ಹತ್ತಿರದಲ್ಲೇ ಆರಂಭವಾಯಿತು. ಈಗ ನೀರಜಾಕ್ಷಿ ಬಟ್ಟೆ ಹಾಕುವ ಮೊದಲೂ ಹಗ್ಗ ಒರೆಸುತ್ತಿದ್ದಳು, ಬಟ್ಟೆ ತೆಗೆದ ಮೇಲೆ ಬಟ್ಟೆಯನ್ನೂ ಕೊಡವುತ್ತಿದ್ದಳು.

ಕೆಳಗಿನಿಂದ ಕೆಮ್ಮು ಕೇಳಿಸುತ್ತಿತ್ತು. ಬೆಳಿಗ್ಗೆ ಪಾತ್ರೆ ತೊಳೆಯುವಾಗ, ಮಧ್ಯಾಹ್ನ ಶಾಲೆಯಿಂದ ಬಂದ ಮಗನಿಗೆ ಉಣ್ಣಿಸುವಾಗ. ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ಮಾಡಿ ಅವರ ಬಾಗಿಲಲ್ಲಿ ಇಟ್ಟು ಬಂದಳು. ಫ್ಲಾಸ್ಕು ಸಂಜೆ ಮೆಟ್ಟಿಲಿನ ಮೇಲೆ ಇತ್ತು, ತೊಳೆದು ಒರೆಸಿದ್ದು. ಕುಡಿದರೋ ಚೆಲ್ಲಿದರೋ ತಿಳಿಯಲಿಲ್ಲ.

ಹೊಸ ವರ್ಷ ಕಳೆದು ಸ್ವಲ್ಪ ದಿನಕ್ಕೆ ಯೂಸುಫ್ ಪಿಕಪ್ ತಂದು ಗೇಟಿನಲ್ಲಿ ನಿಲ್ಲಿಸಿದ. ತಾಯಿಯನ್ನೂ ತಂಗಿಯನ್ನೂ ಜಾಸಿಮನನ್ನೂ ಹಮದ್ ಟೌನಿಗೆ ಕರೆದುಕೊಂಡು ಹೋಗುವವನಿದ್ದ. ಸಾಮಾನು ಹೇರುತ್ತಿರುವಾಗ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳಿತು. ಒಂದು ಮೆಟ್ಟಿಲು, ನಿಲುಗಡೆ, ಮತ್ತೊಂದು ಮೆಟ್ಟಿಲು. ಆ ಮಂಡಿಯ ನಡಿಗೆ ನೀರಜಾಕ್ಷಿಗೆ ಗೊತ್ತಿತ್ತು. ಒಲೆ ಆರಿಸಿ ಓಡಿ ಬಂದು ಬಾಗಿಲು ತೆರೆದಳು.

ಉಮ್ಮ್ ಯೂಸುಫ್ ಒಳಗೆ ಬಂದು ಸೋಫಾದ ತುದಿಯಲ್ಲಿ ಕೂತರು. ಪ್ರಖ್ಯಾತ್ ಮೊದಲಿನಂತೆಯೇ ಹೋಗಿ ಅವರ ತೊಡೆಗೆ ಒರಗಿದ. ಅವರು ಅವನ ತಲೆಗೂದಲಲ್ಲಿ ಬೆರಳಾಡಿಸಿ, ಬೆರಳಿಗೆ ಹತ್ತಿದ ಹುಡಿಯನ್ನು ನೋಡಿದರು.

"ನೀನು ಕೆಟ್ಟದ್ದು ಬಯಸಲಿಲ್ಲ," ಎಂದರು. "ಅದು ನನಗೆ ಆ ದಿನವೇ ಗೊತ್ತಿತ್ತು ಬಿನ್ತಿ. ಮಾಟ ಮಾಡುವವರು ಸಿಹಿ ಹಿಡಿದುಕೊಂಡು ಬಂದು ನಾವೇ ಮಾಡಿದ್ದು ಅನ್ನುತ್ತಾರಾ?"

ನೀರಜಾಕ್ಷಿ ಅವರ ಕಾಲ ಬಳಿ ಕೂತಳು. "ಮತ್ತೆ ಯಾಕೆ ಅಮ್ಮ..."

"ಎ‌ಲ್ಲರ ಎದುರು ನಾನು ಏನು ಹೇಳಲಿ? ನೀವು ನನ್ನ ಬಾಡಿಗೆಯವರು. ನಿಮ್ಮ ಪರ ಮಾತಾಡಿದ್ದರೆ ಅಬೂ ಹಜರ್ ಇವಳನ್ನೂ ಕೊಂಡುಕೊಂಡ ಅನ್ನುತ್ತಿದ್ದರು. ಕೋಪವೂ ಇತ್ತು. ನಮ್ಮ ಕಣ್ಣನ್ನು ಹಾಗೆ ಅಂದರಲ್ಲ ಅಂತ." ಅವರು ಸ್ವಲ್ಪ ಹೊತ್ತು ಕೆಮ್ಮಿದರು. "ಆ ಭಾನುವಾರ ನಾನು ಹೊರಗೆ ಬರಬೇಕಿತ್ತು. ಬಾಗಿಲ ಹಿಂದೆಯೇ ನಿಂತಿದ್ದೆ. ನಿನ್ನ ಗಂಡ ಒಬ್ಬನೇ ಮಾತಾಡುವುದು ಕೇಳುತ್ತಿತ್ತು."

"ನಾನು ಬೆಳಿಗ್ಗೆಯೇ ಬಂದು ನಿಮಗೆ ಹೇಳಿ ಮಾಡಬೇಕಿತ್ತು," ಎಂದಳು ನೀರಜಾಕ್ಷಿ. "ನಿಮಗೆ ನಿದ್ದೆ ಹಾಳಾಗಬಾರದು ಅಂತ..."

"ಹೌದು. ಎಬ್ಬಿಸಬೇಕಿತ್ತು," ಎಂದರು ಅವರು ಮೆಲ್ಲಗೆ. "ಈಗ ನಂಬಿದರೂ ಗೇಟು ದಾಟುವಾಗ ನನ್ನ ಕಾಲು ತಾನಾಗಿಯೇ ಆ ಜಾಗವನ್ನು ಸುತ್ತಿ ಹೋಗುತ್ತದೆ. ಈ ವಯಸ್ಸಿನಲ್ಲಿ ಕಾಲಿಗೆ ಬುದ್ಧಿ ಹೇಳಲು ಆಗುವುದಿಲ್ಲ."

ಕೆಳಗೆ ಯೂಸುಫ್ ಹಾರ್ನ್ ಹಾಕಿದ. ನೀರಜಾಕ್ಷಿ ಅವರ ತೋಳು ಹಿಡಿದು ಮೆಟ್ಟಿಲು ಇಳಿಸಿದಳು. ಪಿಕಪ್ಪಿನ ಹಿಂದೆ ಕಲ್ಲು ಹೇರಿದ ಟಿಪ್ಪರ್ ಕಾಯುತ್ತಾ ನಿಂತಿತ್ತು. ಇವರು ಹೋದ ಕೂಡಲೇ ಅದು ತಿರುವಿನಲ್ಲಿ ಗೇರ್ ಇಳಿಸಿ ಮುಂದೆ ಸಾಗಿತು.

ಅಂಗಳದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಉಳಿದಿತ್ತು, ಒಂದು ಕಾಲು ಸ್ವಲ್ಪ ಸೀಳಿದ್ದು. ನೀರಜಾಕ್ಷಿ ಅದನ್ನು ಮೇಲೆ ತಂದು ತೊಳೆದಿಟ್ಟಳು. ಯಾಕೆಂದು ಆಗ ಅವಳಿಗೂ ತಿಳಿದಿರಲಿಲ್ಲ.

ಮರುವಾರ ಒಂದು ಮಧ್ಯಾಹ್ನ ಶಾಲೆಯ ಬಸ್ಸಿನ ಹೊತ್ತಿಗೆ ಅವಳು ಆ ಕುರ್ಚಿಯನ್ನು ಹಿಡಿದುಕೊಂಡು ಇಳಿದಳು. ತಿರುವಿನ ನಡುವೆ ಇಟ್ಟು ಕೂತಳು. ತೊಡೆಯ ಮೇಲೆ ಬಿಡಿಸಬೇಕಾದ ಹರಿವೆ ಸೊಪ್ಪಿತ್ತು. ಚಳಿಗಾಲದ ಬಿಸಿಲು ಹಿತವಾಗಿತ್ತು. ಕೋರೆಯ ಕಡೆಯಿಂದ ಬಂದ ಟಿಪ್ಪರ್ ಬ್ರೇಕ್ ಹಾಕಿ ನಿಂತಿತು. ಸಂದೇಶ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಅಕ್ಕಾ? ಎಂತ ಇದು?"

"ಮಕ್ಕಳು ಬರ್ಲಿಕ್ಕುಂಟು."

"ಜಯಣ್ಣನಿಗೆ ಗೊತ್ತುಂಟಾ?"

"ನೀನೇ ಫೋನ್ ಮಾಡಿ ಹೇಳು."

ಅವನು ಫೋನ್ ತೆಗೆದ. ಅವಳು ಸೊಪ್ಪಿನ ದಂಟು ಮುರಿಯುತ್ತಾ ಕಿವಿಗೊಟ್ಟಳು. "ಹೌದು... ಇಲ್ಲೇ, ತಿರುವಿನಲ್ಲಿ... ಇಲ್ಲ, ಒಬ್ರೇ... ಹ್ಞಾಂ. ಹ್ಞಾಂ." ಅವನು ಫೋನನ್ನು ಕಿಸೆಗೆ ಹಾಕಿದ.

"ಎಂತ ಹೇಳಿದ್ರು?"

"ಮಕ್ಕಳು ದಾಟ್ಲಿ, ಅಲ್ಲಿಯ ತನಕ ನಿಲ್ಲಿಸು ಅಂತ." ಅವನು ಎಂಜಿನ್ ಆಫ್ ಮಾಡಿದ. ಕೆಳಗಿಳಿದು ಗೋಡೆಗೆ ಒರಗಿ ನಿಂತ. "ಅವತ್ತು ನಾನು ಆ ಮಾತು ಹೇಳ್ಬಾರ್ದಿತ್ತು ಅಕ್ಕ," ಎಂದ.

"ನಾನೂ ನಗಬಾರ್ದಿತ್ತು," ಎಂದಳು ಅವಳು.

ಓಣಿಯ ತುದಿಯಲ್ಲಿ ಬಸ್ಸು ನಿಂತ ಸದ್ದಾಯಿತು. ಪೂಜಿತಾ ತಮ್ಮನ ಕೈ ಹಿಡಿದುಕೊಂಡು, ಅವಳ ಹಿಂದೆ ಹಳ್ಳಿಯ ಇನ್ನಿಬ್ಬರು ಮಕ್ಕಳು ಚೀಲ ಬೀಸಾಡಿಕೊಂಡು ಬಂದರು. ಅಮ್ಮ ದಾರಿಯ ನಡುವೆ ಕೂತದ್ದು ನೋಡಿ ಪ್ರಖ್ಯಾತ್ ಖುಷಿಯಿಂದ ಕೂಗಿದ. ನೀರಜಾಕ್ಷಿ ಸೊಪ್ಪನ್ನು ಸೆರಗಿಗೆ ಸುರಿದುಕೊಂಡು ಎದ್ದಳು, ಕುರ್ಚಿಯನ್ನು ಎತ್ತಿದಳು, ಮಕ್ಕಳನ್ನು ಮುಂದೆ ಬಿಟ್ಟುಕೊಂಡು ಗೇಟಿನ ಕಡೆ ನಡೆದಳು. ಕೆಂಪು ಎಂದೋ ಹೋಗಿತ್ತು. ಟಯರುಗಳು ಉಜ್ಜಿ ಉಜ್ಜಿ ಆ ಜಾಗ ಉಳಿದ ದಾರಿಗಿಂತ ಹೆಚ್ಚೇ ಬೆಳ್ಳಗಾಗಿತ್ತು. ಆದರೂ ಗೇಟು ತಲುಪಿದ ಮೇಲೆ ಅವಳ ಗಮನಕ್ಕೆ ಬಂತು: ಮಕ್ಕಳೆಲ್ಲ ನೇರ ಓಡಿ ಬಂದಿದ್ದರು, ಅವಳೊಬ್ಬಳೇ ಆ ಜಾಗವನ್ನು ಸುತ್ತಿಕೊಂಡು ಬಂದಿದ್ದಳು.